ಎಪ್ಪತ್ತು ವರ್ಷಕ್ಕೆ ಅರ್ಧ ಚಮಚ

ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ದಿನವಿಡೀ ದುಡಿದು ಅದು ತಯಾರಿಸುವ ಥೈರಾಕ್ಸಿನ್ ಹಾರ್ಮೋನು ಹೆಚ್ಚುಕಡಿಮೆ 100 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು. ವರ್ಷಪೂರ್ತಿ ಕೂಡಿಟ್ಟರೂ 40 ಮಿಲಿಗ್ರಾಂ ದಾಟದು. 70 ವರ್ಷ ಬಾಳಿದವರ ಒಟ್ಟು ಲೆಕ್ಕ ಎರಡೂವರೆ ಗ್ರಾಂ, ಅರ್ಧ ಟೀ ಚಮಚ ಉಪ್ಪಿನ ತೂಕ! ಎದೆಬಡಿತ, ಮೈಶಾಖ, ಜೀರ್ಣಶಕ್ತಿ, ಮುಟ್ಟು, ಕೂದಲು, ನೆನಪು ಎಲ್ಲಕ್ಕೂ ಇಷ್ಟೇ ಸಾಕು.

ಇಷ್ಟೂ ಇಲ್ಲವಾದರೆ ಏನಾಗುತ್ತದೆ? 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಬಳಿ ಬಂದ 46 ವರ್ಷದ ಮಹಿಳೆಯ ಮುಖ ಊದಿತ್ತು, ಮಾತು ನಿಧಾನವಾಗಿತ್ತು. ಮರ್ರೆ ಕುರಿಯ ಥೈರಾಯ್ಡಿನಿಂದ ತೆಗೆದ ರಸವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. ಅಷ್ಟು ವರ್ಷಗಳ ಔಷಧಿಗೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ. ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರಲ್ಲಿ ಥೈರಾಕ್ಸಿನ್ ಅನ್ನು ಶುದ್ಧ ಹರಳುಗಳಾಗಿ ಬೇರ್ಪಡಿಸಿದರು. ಮುಂದೆ ಮೂರು ಟನ್ ಹಂದಿ ಗ್ರಂಥಿಗಳನ್ನು ಸಂಸ್ಕರಿಸಿದಾಗ ಅವರಿಗೆ ದಕ್ಕಿದ್ದು ಕೇವಲ 33 ಗ್ರಾಂ.

ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಗ್ರಂಥಿ ಸೊರಗುವುದೂ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ. ಹಾಗಾಗಿ ಕೊರತೆ ಒಮ್ಮೆಲೇ ಎರಗುವುದಿಲ್ಲ. ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಚಳಿ ತಡೆಯದಿರುವುದು, ಅತಿಯಾದ ಮುಟ್ಟು, ಮಂಕು ಒಂದೊಂದಾಗಿ ಬರುತ್ತವೆ. ಪ್ರತಿಯೊಂದಕ್ಕೂ ಮನೆಯವರ ಬಳಿ ಒಂದು ಸಮಾಧಾನ ಇದ್ದೇ ಇರುತ್ತದೆ: "ವಯಸ್ಸಾಯ್ತು", "ಹೆರಿಗೆಯಾದ ಮೇಲೆ ಹಾಗೇ", "ಕೆಲಸ ಜಾಸ್ತಿ". ಹೆಂಗಸರಲ್ಲಿ ಈ ತೊಂದರೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಸುಸ್ತು ಎಂದರೆ ಕಡೆಗಣಿಸುವುದೂ ಅವರದ್ದನ್ನೇ!

ಹಾರ್ಮೋನು ಹೆಚ್ಚಾದರೆ ಚಿತ್ರವೇ ಬೇರೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಎದೆ ಡವಡವ ಎನ್ನುತ್ತದೆ, ಸೆಕೆ ತಡೆಯಲಾಗದು, ನಿದ್ದೆ ಬಾರದು. ಚಾಚಿದ ಬೆರಳುಗಳ ಮೇಲೆ ವೈದ್ಯರು ಒಂದು ಹಾಳೆ ಇಡುತ್ತಾರೆ. ಕಣ್ಣಿಗೆ ಕಾಣದ ನಡುಕ ಆ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಕೊರತೆಯಿದ್ದವರ ಹಿಮ್ಮಡಿಯ ಸ್ನಾಯುರಜ್ಜುವನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಪಾದ ಚಟ್ಟನೆ ಜಿಗಿದರೂ ಸ್ವಸ್ಥಾನಕ್ಕೆ ಮರಳುವುದು ನಿಧಾನವಾಗಿ.

ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಮಾತ್ರ ಈ ಕೊರತೆಯನ್ನು ಬಲುಬೇಗ ಗುರುತಿಸುತ್ತದೆ. ಥೈರಾಕ್ಸಿನ್ ಅರ್ಧಕ್ಕಿಳಿದರೆ, ಥೈರಾಯ್ಡನ್ನು ಚುರುಕುಗೊಳಿಸಲು ಅದು ಕಳಿಸುವ ಹಾರ್ಮೋನು ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ದೊಡ್ಡವರಲ್ಲಿ ಸಾಮಾನ್ಯವಾಗಿ 0.4ರಿಂದ 4ರೊಳಗೆ ಇರಬೇಕಾದ ಅಂಕಿ ಕೆಲವರಲ್ಲಿ 100 ದಾಟುವುದು ಇದೇ ಕಾರಣಕ್ಕೆ. ಮೈ ಪಿಸುಗುಟ್ಟುವುದನ್ನು ರಕ್ತ ಕೂಗಿ ಹೇಳುತ್ತದೆ.

ನವಜಾತ ಶಿಶುಗಳಲ್ಲಿ ಈ ಕೂಗನ್ನು ಕೇಳಲೇಬೇಕು. ಜಗತ್ತಿನಲ್ಲಿ ಎರಡರಿಂದ ನಾಲ್ಕು ಸಾವಿರಕ್ಕೊಂದು ಮಗು ಥೈರಾಯ್ಡ್ ಕೊರತೆಯೊಂದಿಗೆ ಹುಟ್ಟುತ್ತದೆ. ನೋಡಲು ಬಹುಪಾಲು ಸಹಜವಾಗಿಯೇ ಇರುತ್ತದೆ. ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳಲ್ಲಿ ದೋಷ ಪತ್ತೆಯಾಗಿ, ಮೊದಲೆರಡು ವಾರದೊಳಗೆ ಥೈರಾಕ್ಸಿನ್ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆಯನ್ನು ಕಾಪಾಡಬಹುದು.

ಇಂದು ಕುರಿಯೂ ಬೇಡ, ಹಂದಿಯೂ ಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗುವ ಪುಟ್ಟ ಮಾತ್ರೆ ಸಾಕು. ಅದರ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಮೈಕ್ರೋಗ್ರಾಂಗಳ ಈ ಲೋಕದಲ್ಲಿ ಅಂದಾಜು ನಡೆಯದು. ಇಲ್ಲಿ ಹೇಳಿದ ಲಕ್ಷಣಗಳು ಒಟ್ಟೊಟ್ಟಿಗೆ ಬಂದು ವಾರಗಟ್ಟಲೆ ಬಿಡದಿದ್ದರೆ, ಮನೆಯವರ ಸಮಾಧಾನದ ಮಾತಿಗೆ ಕಾಯದೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.