ಮಸುಕಿಗೊಂದು ಕಡಿವಾಣ

ಸಂತೆಮರಹಳ್ಳಿಯ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ತೆಗೆದ ಒಂದು ಛಾಯಾಚಿತ್ರ ನನ್ನ ಬಳಿ ಇದೆ. ಮುಂದೆ ನಮ್ಮ ತಂದೆಯವರು ನಿಂತಿದ್ದಾರೆ. ಅವರ ಹಿಂದೆ, ಎರಡು ಮಾರು ದೂರದಲ್ಲಿ, ಗೂಡಿನ ಚೀಲದ ಮೇಲೆ ಕೈಯೂರಿ ನಿಂತವರು ದೊಡ್ಡಪ್ಪ. ಅವರೆಂಬುದು ನನಗೆ ಗೊತ್ತು, ಅಷ್ಟೆ. ಮುಖವಿರಬೇಕಾದ ಕಡೆ ಒಂದು ಕಂದು ಕಲೆ ಇದೆ. ಆ ಕಲೆಯನ್ನು ಮಾಡಿದವನು ನಾನೇ. ಮೊಬೈಲಿನಲ್ಲಿ ಚಿತ್ರ ತಿದ್ದುವ ಆ್ಯಪ್ ಒಂದನ್ನು ರಚಿಸುತ್ತಿದ್ದಾಗ, ಹಿನ್ನೆಲೆಯನ್ನು ಮಸುಕುಗೊಳಿಸುವ ಸಲಕರಣೆಯನ್ನು ಈ ಚಿತ್ರದ ಮೇಲೆ ಪರೀಕ್ಷಿಸಿದೆ. ಫಲವನ್ನು ಮೂಲದ ಮೇಲೆಯೇ ಉಳಿಸಿಬಿಟ್ಟೆ. ಮರುವರ್ಷ ದೊಡ್ಡಪ್ಪ ತೀರಿಕೊಂಡರು.

ಮಸುಕು ಎಂದರೇನು? ಕ್ಯಾಮೆರಾದ ಮಸೂರವು ಒಂದು ನಿಗದಿತ ದೂರದಲ್ಲಿರುವುದನ್ನು ಮಾತ್ರ ಪೂರ್ಣ ಸ್ಪಷ್ಟವಾಗಿ ಮೂಡಿಸುತ್ತದೆ. ಅದಕ್ಕಿಂತ ಹತ್ತಿರದ ಅಥವಾ ದೂರದ ಬಿಂದುಗಳು ಸಣ್ಣ ಬಿಲ್ಲೆಗಳಾಗಿ ಹರಡುತ್ತವೆ. ಮಸೂರದ ಕಿಂಡಿ ಹಿರಿದಾದಷ್ಟೂ ಬಿಲ್ಲೆ ಹಿರಿದು. ಮೊಬೈಲಿನ ಮಸೂರವಾದರೋ ಬಹಳ ಕಿರಿದು. ಅದಕ್ಕೆ ಎಲ್ಲವೂ ಹೆಚ್ಚುಕಡಿಮೆ ಸ್ಪಷ್ಟವೇ. ಆದುದರಿಂದ ಬೇಕಾದ ಮಸುಕನ್ನು ಲೆಕ್ಕದಿಂದ ಹುಟ್ಟಿಸಬೇಕಾಗುತ್ತದೆ.

ಲೆಕ್ಕ ಸರಳವಾದುದು. ಚಿತ್ರವೆಂದರೆ ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳ ಸಾಲು. ಪ್ರತಿ ಚುಕ್ಕಿಯ ಬದಲು ಅದರ ನೆರೆಹೊರೆಯ ಸರಾಸರಿಯನ್ನಿಟ್ಟರೆ ಚಿತ್ರ ಮಸುಕಾಗುತ್ತದೆ. ಹತ್ತಿರದ ಚುಕ್ಕಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಈ ತೂಕದ ಕ್ರಮಕ್ಕೆ ಗಣಿತಜ್ಞ ಗೌಸ್‌ನ ಹೆಸರಿದೆ. ಎಲ್ಲ ದಿಕ್ಕಿಗೂ ಹತ್ತು ಚುಕ್ಕಿಗಳವರೆಗೆ ನೋಡುವುದಾದರೆ 21 ಅಡ್ಡಸಾಲು, 21 ಕಂಬಸಾಲು. ಒಂದೊಂದು ಚುಕ್ಕಿಗೂ 441 ಗುಣಾಕಾರ. ಮೊದಲು ಅಡ್ಡಲಾಗಿ, ಅನಂತರ ಉದ್ದಕ್ಕೆ ಸರಾಸರಿ ಮಾಡಿದರೆ 42 ಸಾಕು, ಫಲ ಅದೇ. ಬೆರಳು ಸರಿದಂತೆಲ್ಲ ಮಸುಕು ಏರಿಳಿಯಬೇಕಾದರೆ ಈ ಉಳಿತಾಯ ಬೇಕೇ ಬೇಕು.

ಕಷ್ಟವಿರುವುದು ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯುವುದರಲ್ಲಿ. 2016ರ ಐಫೋನ್ 7 ಪ್ಲಸ್, ನಮ್ಮ ಎರಡು ಕಣ್ಣುಗಳಂತೆ, ಎರಡು ಕ್ಯಾಮೆರಾಗಳ ನೋಟದ ವ್ಯತ್ಯಾಸದಿಂದ ದೂರವನ್ನು ಅಂದಾಜು ಮಾಡಿತು. ನನ್ನ ಸಲಕರಣೆಗೆ ಅಂತಹ ಅರಿವಿರಲಿಲ್ಲ. ಅದು ಬಲ್ಲದ್ದು ಬೆರಳಿನಿಂದ ಎಳೆದ ಒಂದು ವೃತ್ತವನ್ನು ಮಾತ್ರ: ಒಳಗಿದ್ದವರು ಮುಖ್ಯರು, ಹೊರಗಿದ್ದವರು ಹಿನ್ನೆಲೆ. ದೊಡ್ಡಪ್ಪ ಹೊರಗಿದ್ದರು.

ಮತ್ತೆ ಸ್ಪಷ್ಟಗೊಳಿಸಬಹುದಲ್ಲವೆ ಎಂದು ನೀವು ಕೇಳಬಹುದು. ಮೂವರ ವಯಸ್ಸಿನ ಸರಾಸರಿ 40 ಎಂದು ಮಾತ್ರ ಹೇಳಿದರೆ ಒಬ್ಬೊಬ್ಬರ ವಯಸ್ಸನ್ನು ಹೇಳಬಲ್ಲಿರಾ? ಸ್ಪಷ್ಟತೆಯ ಗುಂಡಿ ಅಂಚುಗಳ ಕಪ್ಪು ಬಿಳುಪನ್ನು ತೀವ್ರಗೊಳಿಸುತ್ತದೆ. ಅಳಿದುದನ್ನು ಮರಳಿ ತರುವುದಿಲ್ಲ. ಇಂದಿನ ಕೃತಕ ಬುದ್ಧಿಮತ್ತೆ ಅಲ್ಲಿ ಒಂದು ಚೊಕ್ಕ ಮುಖವನ್ನೇ ಬರೆದುಕೊಟ್ಟೀತು. ಅದು ಮುಖವಾದೀತು, ದೊಡ್ಡಪ್ಪನ ಮುಖವಾಗಲಾರದು.

ಈಗ ನಾನು ರಚಿಸುವ ಸಲಕರಣೆ ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ವೃತ್ತ ಎಲ್ಲಿದೆ, ಮಸುಕು ಎಷ್ಟು ಎಂಬ ಎರಡು ಸಂಗತಿಗಳನ್ನು ಪ್ರತ್ಯೇಕವಾಗಿ ಬರೆದಿಟ್ಟು, ತೋರಿಸುವಾಗ ಮಾತ್ರ ಲೆಕ್ಕ ಹಾಕುತ್ತದೆ. ಯಾರು ಮುಖ್ಯರೆಂಬ ನಮ್ಮ ತೀರ್ಮಾನ ಕಾಲಕ್ಕೆ ತಕ್ಕಂತೆ ಬದಲಾಗುವಂತಹುದು. ಹತ್ತು ವರ್ಷಗಳ ಮೇಲೆ ಯಾರಾದರೂ ಮಸುಕನ್ನು ಸೊನ್ನೆಗಿಳಿಸಿದರೆ, ಹಿಂದೆ ನಿಂತವರು ಅಲ್ಲಿಯೇ ಇರಬೇಕು.