ಗುಂಪಿನ ಯಜಮಾನ ಯಾರು?

‘ನೌನ್ ಅಂದ್ರೇನು?’ ಎಂದು ಯಾವ ಹೈಸ್ಕೂಲ್ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಪಟ್ಟನೆ ಬರುತ್ತದೆ: ವ್ಯಕ್ತಿ, ಸ್ಥಳ ಅಥವಾ ವಸ್ತುವಿನ ಹೆಸರು. ಅದೇ ವಿದ್ಯಾರ್ಥಿಗೆ ಇಂಗ್ಲಿಷ್ ಪಾಠದ ಉದ್ದನೆಯ ವಾಕ್ಯವೊಂದನ್ನು ಕೊಟ್ಟು, ‘ಇದು ಯಾವುದರ ಬಗ್ಗೆ ಹೇಳ್ತಿದೆ?’ ಎಂದು ಕೇಳಿ ನೋಡಿ. ತಲೆ ಕೆರೆದುಕೊಳ್ಳುವವರೇ ಹೆಚ್ಚು. ಯಾಕೆಂದರೆ ವಾಕ್ಯದಲ್ಲಿ ನೌನ್ ಒಂಟಿಯಾಗಿ ಬರುವುದು ಕಡಿಮೆ. ಹಿಂದೆ ಮುಂದೆ ನಾಲ್ಕಾರು ಪದಗಳನ್ನು ಕಟ್ಟಿಕೊಂಡು ಗುಂಪಾಗಿ ಬರುತ್ತದೆ. ಆ ಗುಂಪಿಗೇ ನೌನ್ ಫ್ರೇಸ್, ಅಂದರೆ ನಾಮಪದಗುಚ್ಛ ಎನ್ನುತ್ತಾರೆ. ನಾವು ಮಕ್ಕಳಿಗೆ ಪದವನ್ನು ಗುರುತಿಸಲು ಕಲಿಸುತ್ತೇವೆ, ಗುಂಪನ್ನು ಗುರುತಿಸಲು ಕಲಿಸುವುದಿಲ್ಲ.

ನಾನು ಬಿಇ ಮೂರನೇ ವರ್ಷದ ವಿದ್ಯಾರ್ಥಿನಿ. ಭಾನುವಾರ ಬೆಳಿಗ್ಗೆ ಮನೆಯ ಜಗಲಿಯಲ್ಲಿ ನಮ್ಮ ಬೀದಿಯ ಏಳು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು, ಎಂಟು ಮತ್ತು ಒಂಬತ್ತನೇ ತರಗತಿ. ಅವರಲ್ಲೊಬ್ಬ ಗಣಿತದಲ್ಲಿ ಬಲು ಚುರುಕು. ಆದರೆ ‘ಪಿಯುಸಿಯಲ್ಲಿ ಸೈನ್ಸ್ ತಗೊಳ್ಳಲ್ಲ ಅಕ್ಕಾ, ಎಲ್ಲಾ ಇಂಗ್ಲಿಷಲ್ಲಿರುತ್ತೆ’ ಎಂದು ಈಗಲೇ ತೀರ್ಮಾನಿಸಿಬಿಟ್ಟಿದ್ದಾನೆ. ಹದಿನಾಲ್ಕು ವರ್ಷದ ಹುಡುಗ ಮುಂದೆ ಏನು ಓದಬೇಕೆಂಬುದನ್ನು ಇಂಗ್ಲಿಷಿನ ಭಯ ನಿರ್ಧರಿಸಬಾರದು ಎನ್ನುವುದಷ್ಟೇ ನನ್ನ ಹಟ. ಆ ಹಟಕ್ಕೆ ಹೆಚ್ಚು ಒದಗಿಬಂದದ್ದು ಈ ನೌನ್ ಫ್ರೇಸ್.

ನಾವು ಆಟದಿಂದ ಶುರು ಮಾಡಿದೆವು. ‘ನಾಯಿ’ ಎಂಬ ಪದ ಕೊಟ್ಟೆ. ಒಬ್ಬೊಬ್ಬರು ಒಂದೊಂದು ಪದ ಸೇರಿಸುತ್ತಾ ಹೋದರು. ಕೊನೆಗೆ ಸಿಕ್ಕಿದ್ದು ‘ನಮ್ಮ ಬೀದಿಯ ಸೋಮಾರಿ ಕರಿ ನಾಯಿ’. ಈಗ ಇಡೀ ಗುಂಪನ್ನು ತೆಗೆದು ‘ಅದು’ ಎಂದು ಹಾಕಿ. ‘ಅದು ಬೊಗಳಿತು.’ ವಾಕ್ಯ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲೂ ಅಷ್ಟೇ. ‘ದಿ ಲೇಜಿ ಬ್ಲ್ಯಾಕ್ ಡಾಗ್ ಬಾರ್ಕ್ಡ್’ ಎಂಬುದು ‘ಇಟ್ ಬಾರ್ಕ್ಡ್’ ಆಗುತ್ತದೆ.

ಆಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ನೌನ್ ಬದಲಿಗೆ ಬರೋದು ಪ್ರೊನೌನ್ ಅಲ್ವಾ ಅಕ್ಕಾ? ಹಾಗಾದ್ರೆ ಡಾಗ್ ಒಂದನ್ನೇ ತೆಗೆದು ‘ದಿ ಲೇಜಿ ಬ್ಲ್ಯಾಕ್ ಇಟ್’ ಅನ್ನಬಹುದಲ್ಲ?’ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಪ್ರೊನೌನ್ ಕೂರುವುದು ಒಂಟಿ ನೌನ್‌ನ ಜಾಗದಲ್ಲಲ್ಲ, ಇಡೀ ಗುಂಪಿನ ಜಾಗದಲ್ಲಿ. ಕನ್ನಡದಲ್ಲೂ ‘ಸೋಮಾರಿ ಕರಿ ಅದು ಬೊಗಳಿತು’ ಎನ್ನುವುದಿಲ್ಲ. ಹಾಗಾಗಿ ಗುಂಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ: ‘ಹಿ’, ‘ಶಿ’, ‘ಇಟ್’, ‘ದೇ’ಗಳಲ್ಲಿ ಒಂದನ್ನು ಹಾಕಿ ನೋಡುವುದು.

ಮುಂದಿನ ಪ್ರಶ್ನೆ, ಈ ಗುಂಪಿನ ಯಜಮಾನ ಯಾರು? ವ್ಯಾಕರಣದಲ್ಲಿ ಇದನ್ನು ‘ಹೆಡ್’ ಎನ್ನುತ್ತಾರೆ. ಕನ್ನಡದಲ್ಲಿ ಯಜಮಾನನ ಜಾಗ ಸಾಮಾನ್ಯವಾಗಿ ಕೊನೆಯಲ್ಲಿ. ‘ಅಪ್ಪ ಸಂತೆಯಿಂದ ತಂದ ಮಾವಿನಹಣ್ಣಿನ ಬುಟ್ಟಿ’ ಎಂದರೆ ಮಾತು ಬುಟ್ಟಿಯದು, ಅಪ್ಪನದಲ್ಲ, ಸಂತೆಯದೂ ಅಲ್ಲ. ಇಂಗ್ಲಿಷಿನಲ್ಲಿ ‘ಬಿಗ್’, ‘ತ್ರೀ’ಯಂಥ ಚಿಕ್ಕ ಪದಗಳು ಯಜಮಾನನ ಮುಂದೆ ನಡೆದರೆ, ಉದ್ದನೆಯ ವಿವರಣೆಗಳೆಲ್ಲ ಅವನ ಹಿಂದೆ ಬರುತ್ತವೆ.

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಬರುವ ನ್ಯೂಟನ್ನನ ಎರಡನೇ ನಿಯಮವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಅದು ‘ದಿ ರೇಟ್ ಆಫ್ ಚೇಂಜ್ ಆಫ್ ಮೊಮೆಂಟಮ್ ಆಫ್ ಎ ಬಾಡಿ’ ಎಂದು ಶುರುವಾಗುತ್ತದೆ. ಕನ್ನಡದಲ್ಲಿ ‘ಕಾಯದ ಸಂವೇಗದ ಬದಲಾವಣೆಯ ದರ’. ಎರಡನ್ನೂ ಒಂದರ ಕೆಳಗೊಂದು ಬರೆದು ಗೆರೆ ಎಳೆಸಿದೆ. ಇಂಗ್ಲಿಷಿನ ಮೊದಲ ಪದ ಕನ್ನಡದ ಕೊನೆಯ ಪದಕ್ಕೆ, ಕೊನೆಯದು ಮೊದಲನೆಯದಕ್ಕೆ ಸರಿಯಾಗಿ ಹೋಗಿ ಸೇರಿತು. ‘ಬಲಗಡೆಯಿಂದ ಓದಿದ್ರೆ ಕನ್ನಡಾನೇ!’ ಎಂದು ಕೂಗಿದವನು ಸೈನ್ಸ್ ಬೇಡ ಎಂದಿದ್ದ ಅದೇ ಹುಡುಗ. ಎಲ್ಲ ವಾಕ್ಯಗಳೂ ಇಷ್ಟು ಅಚ್ಚುಕಟ್ಟಾಗಿ ತಿರುಗುವುದಿಲ್ಲ. ಅವನೂ ಇನ್ನೂ ಮನಸ್ಸು ಬದಲಿಸಿಲ್ಲ. ಆದರೆ ಉದ್ದನೆಯ ವಾಕ್ಯ ಕಂಡರೆ ಈಗ ಪುಟ ತಿರುಗಿಸುವುದಿಲ್ಲ, ಪೆನ್ಸಿಲ್ ಹಿಡಿದು ಮೊದಲು ಯಜಮಾನನನ್ನು ಹುಡುಕುತ್ತಾನೆ.

ಇದು ಬರೀ ಮಕ್ಕಳ ಪಾಠ ಎಂದುಕೊಳ್ಳಬೇಡಿ. ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳಲ್ಲೂ ಕ್ಯಾಂಪಸ್ ಆಯ್ಕೆಯ ಟೆಸ್ಟ್‌ಗಳಲ್ಲೂ ವಾಕ್ಯದ ದೋಷ ಪತ್ತೆಹಚ್ಚುವ ಪ್ರಶ್ನೆಗಳು ಬರುತ್ತವೆ. ‘ದಿ ಲಿಸ್ಟ್ ಆಫ್ ಸೆಲೆಕ್ಟೆಡ್ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಪಬ್ಲಿಷ್ಡ್’ ಸರಿಯೇ? ‘ಕ್ಯಾಂಡಿಡೇಟ್ಸ್’ ಪಕ್ಕದಲ್ಲೇ ಇರುವುದರಿಂದ ‘ಹ್ಯಾವ್’ ಸರಿ ಎನಿಸುತ್ತದೆ. ಆದರೆ ಯಜಮಾನ ‘ಲಿಸ್ಟ್’, ಏಕವಚನ. ಹಾಗಾಗಿ ‘ಹ್ಯಾಸ್’ ಬರಬೇಕು. ಕನ್ನಡದಲ್ಲಿ ‘ಆಯ್ಕೆಯಾದ ಅಭ್ಯರ್ಥಿಗಳ ಪಟ್ಟಿ ಪ್ರಕಟವಾಗಿದೆ’ ಎನ್ನುವಾಗ ಯಾರೂ ಎಡವುವುದಿಲ್ಲ, ಏಕೆಂದರೆ ಪಟ್ಟಿ ಕ್ರಿಯಾಪದಕ್ಕೆ ಅಂಟಿಕೊಂಡೇ ಇದೆ. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’ ಎನ್ನುವುದಕ್ಕೂ ಇದೇ ಕಾರಣ: ಗೆಳೆಯರು ಹಲವರು, ಯಜಮಾನ ಒಬ್ಬನೇ. ಒಂದು ಎಚ್ಚರ ಮಾತ್ರ ಇರಲಿ. ‘ದಿ ನಂಬರ್ ಆಫ್ ಸ್ಟೂಡೆಂಟ್ಸ್’ ಬಂದರೆ ‘ಈಸ್’, ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಬಂದರೆ ‘ಆರ್’. ಎರಡನೆಯದರಲ್ಲಿ ‘ಎ ನಂಬರ್ ಆಫ್’ ಎಂದರೆ ‘ಹಲವು’ ಎಂದಷ್ಟೇ ಅರ್ಥ.

ಗುಂಪಿನ ಆರಂಭದಲ್ಲೂ ಒಂದು ವ್ಯತ್ಯಾಸವಿದೆ. ಕನ್ನಡದಲ್ಲಿ ‘ನನ್ನ ಒಂದು ಪುಸ್ತಕ’, ‘ನನ್ನ ಆ ಪುಸ್ತಕ’ ಎರಡೂ ನಡೆಯುತ್ತವೆ. ಇಂಗ್ಲಿಷಿನಲ್ಲಿ ‘ಮೈ ಎ ಬುಕ್’ ನಡೆಯುವುದಿಲ್ಲ. ‘ಎ’, ‘ದಿ’, ‘ಮೈ’, ‘ದಿಸ್’ಗಳಿಗೆ ಸೇರಿ ಇರುವುದು ಒಂದೇ ಸೀಟು. ಒಬ್ಬರು ಕೂತರೆ ಇನ್ನೊಬ್ಬರು ಇಳಿಯಬೇಕು. ‘ಬುಕ್’ನಂತೆ ಎಣಿಸಬಹುದಾದ ನೌನ್ ಏಕವಚನದಲ್ಲಿದ್ದರೆ ಆ ಸೀಟನ್ನು ಸಾಮಾನ್ಯವಾಗಿ ಖಾಲಿ ಬಿಡುವ ಹಾಗೂ ಇಲ್ಲ. ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಈ ಸೀಟಿನ ಲೆಕ್ಕ ಬೇಗ ಹತ್ತಿತು.

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇದೆಲ್ಲ ಪರಿಚಿತ ಎನಿಸಬಹುದು. ನೋಮ್ ಚಾಮ್‌ಸ್ಕಿ 1957ರಲ್ಲಿ ವಾಕ್ಯವನ್ನು ನೌನ್ ಫ್ರೇಸ್ ಮತ್ತು ವರ್ಬ್ ಫ್ರೇಸ್ ಎಂದು ಒಡೆದು ನಿಯಮಗಳಾಗಿ ಬರೆದು ತೋರಿಸಿದರು. ಆಟೊಮಾಟಾ ಪಾಠದಲ್ಲಿ ನಾವು ಬರೆಯುವ ಗ್ರಾಮರ್, ಪಾರ್ಸ್ ಟ್ರೀಗಳೂ ಇದೇ ಬಗೆಯವು. ಸೆಮಿಸ್ಟರ್ ಪರೀಕ್ಷೆಗೆ ಉರು ಹೊಡೆದ ಆ ಮರದ ಚಿತ್ರ ನನಗೆ ಚೆನ್ನಾಗಿ ಅರ್ಥವಾದದ್ದು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ವರ್ಷಗಟ್ಟಲೆ ಓದಿದ ಮೇಲೂ ‘ನಂಗೆ ಬರಲ್ಲ’ ಎನ್ನುವ ಮಕ್ಕಳಿಗೆ ಹೇಳಬೇಕಾದ್ದು ಒಂದೇ ಮಾತು. ಪದಗಳನ್ನು ಗುಂಪು ಕಟ್ಟುವ ವಿದ್ಯೆ ನಿಮಗೆ ಆಗಲೇ ಬರುತ್ತದೆ, ಕನ್ನಡದಲ್ಲಿ ದಿನವೂ ಮಾಡುತ್ತಿದ್ದೀರಿ. ಇಂಗ್ಲಿಷಿನಲ್ಲಿ ಬದಲಾಗುವುದು ಹೆಚ್ಚಾಗಿ ಕೂರುವ ಜಾಗ.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನೀವೂ ಇದನ್ನು ಮಾಡಿ ನೋಡಬಹುದು. ಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು ಅವರದೇ ಪಠ್ಯಪುಸ್ತಕದ ಒಂದು ಪುಟ ತೆರೆಯಿರಿ. ಗುಂಪಿಗೆ ಗೆರೆ ಹಾಕಿಸಿ, ‘ಇಟ್’ ಹಾಕಿ ಪರೀಕ್ಷಿಸಿ, ಯಜಮಾನನಿಗೆ ಸುತ್ತು ಹಾಕಿಸಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಸಿ. ದಿನಕ್ಕೆ ಐದು ವಾಕ್ಯ ಸಾಕು. ನಿಮ್ಮ ಪ್ಲೇಸ್‌ಮೆಂಟ್ ಟೆಸ್ಟ್‌ಗೂ ಅದೇ ತಯಾರಿಯಾಗುತ್ತದೆ.