ಟೇಲರ್ ಸಾಹೇಬ ಬೆಳೆಸಿದ ದೊರೆ
ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಇಂದಿಗೂ ನಿಂತಿದೆ. ಅದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈತ 1824ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಮುಂಬಯಿಗೆ ಬಂದಿಳಿದ. ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದವನು ನಿಜಾಮನ ಸೈನ್ಯ ಸೇರಿದ.

ಸುರಪುರ ಆಗ ನಾಯಕರ ಸಂಸ್ಥಾನ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಎಳೆಯ ಬಾಲಕ. ಸಂಸ್ಥಾನದ ಆಡಳಿತ ಟೇಲರನ ಹೆಗಲಿಗೆ ಬಿತ್ತು. ಬಾಲಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1853ರಲ್ಲಿ ಪ್ರಾಯಕ್ಕೆ ಬಂದ ದೊರೆಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟ.

ಐದೇ ವರ್ಷ. 1858ರ ಫೆಬ್ರವರಿಯಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ. ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದ. ಕೊನೆಗೆ ಸುರಪುರ ಬ್ರಿಟಿಷರ ವಶವಾಯಿತು. ಸೆರೆಯಾದ ದೊರೆಯನ್ನು ಟೇಲರ್ ಸೆರೆಮನೆಯಲ್ಲಿ ಕಂಡ. ದಂಗೆಗೆ ಹುರಿದುಂಬಿಸಿದವರ ಹೆಸರು ಕೇಳಿದಾಗ ಅವನು ಬಾಯಿ ಬಿಡಲಿಲ್ಲವೆಂದು ಟೇಲರನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ನಾಲ್ಕು ವರ್ಷದ ಸೆರೆಗೆ ಇಳಿಯಿತಾದರೂ, ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ದೊರೆ ಬಲಿಯಾದ.

ಮಕ್ಕಳನ್ನು ಕರೆದುಕೊಂಡು ಮಂಜಿಲ್ ನೋಡಲು ಹೋಗುವ ತಂದೆ-ತಾಯಂದಿರು ಕಟ್ಟಿಸಿದವನ ಜೊತೆಗೆ ಈ ತರುಣನ ಕಥೆಯನ್ನೂ ಹೇಳಲಿ. ಅಕ್ಕರೆಯಿಂದ ಬೆಳೆಸಿದವನ ಮುಂದೆಯೂ ತನ್ನವರನ್ನು ಬಿಟ್ಟುಕೊಡದ ದೊರೆ ಅವನು.